ಮರಿಯಾಗದ ಮೊಟ್ಟೆ: ಹೊಣೆ ಯಾರದು?

ಮರಿ ಮಾಡಿಸಲೆಂದು ನೀವು 100 ಕೋಳಿಮೊಟ್ಟೆ ಕೊಂಡು ಇನ್‌ಕ್ಯುಬೇಟರಿನಲ್ಲಿ ಇಟ್ಟಿರಿ ಎನ್ನಿ. 21 ದಿನಗಳ ನಂತರ ಹೊರಬಂದದ್ದು 48 ಮರಿ. ಮೊಟ್ಟೆಯೇ ಸರಿಯಿಲ್ಲವೆಂದು ನೀವು ದೂರುತ್ತೀರಿ. ನಿಮ್ಮ ಯಂತ್ರವೇ ಸರಿಯಿಲ್ಲವೆಂದು ಮಾರಿದವರು ವಾದಿಸುತ್ತಾರೆ. ಅಷ್ಟರಲ್ಲಿ ಉಳಿದ 52 ಮೊಟ್ಟೆಗಳು ತಿಪ್ಪೆ ಸೇರಿರುತ್ತವೆ! ಸಾಕ್ಷ್ಯವಿದ್ದದ್ದು ಅವುಗಳಲ್ಲೇ.

ಅವನ್ನು ಒಡೆದು ನೋಡಬೇಕು. ಫಲಿತವಾಗದ ಮೊಟ್ಟೆಯ ಹಳದಿಯ ಮೇಲೆ ಚಿಕ್ಕದಾದ, ಒತ್ತಾದ ಬಿಳಿ ಚುಕ್ಕೆಯಷ್ಟೇ ಇರುತ್ತದೆ. ಫಲಿತ ಮೊಟ್ಟೆಯಲ್ಲಿ ಅದು ಉಂಗುರದಂತೆ ಕಾಣುವ ದುಂಡು ಬಿಲ್ಲೆ. ಕೋಳಿ ಮೊಟ್ಟೆಯಿಡುವ ವೇಳೆಗೇ ಅದರಲ್ಲಿ ಸಾವಿರಾರು ಜೀವಕೋಶಗಳಾಗಿರುತ್ತವೆ. ಕತ್ತಲೆಯಲ್ಲಿ ದೀಪ ಹಿಡಿದು ನೋಡಿದರೆ ಸಾಲದೆ? ಸಾಲದು. ಮೊದಲೆರಡು ದಿನಗಳಲ್ಲೇ ಭ್ರೂಣ ಸತ್ತ ಮೊಟ್ಟೆಯೂ ಫಲಿತವಾಗದ ಮೊಟ್ಟೆಯಂತೆಯೇ ತಿಳಿಯಾಗಿ ಕಾಣುತ್ತದೆ. ಮೂರು ವಾರದ ಕಾವಿನಲ್ಲಿ ಈ ಗುರುತುಗಳು ಅಳಿಸಿಹೋಗಬಹುದು. ಆದ್ದರಿಂದ ತಿಳಿ ಮೊಟ್ಟೆಗಳನ್ನು ಏಳನೆಯ ದಿನವೇ ತೆಗೆದು ಒಡೆಯುವುದು ಒಳ್ಳೆಯದು, ಸಾಧ್ಯವಾದರೆ ಮಾರಿದವರ ಎದುರಿನಲ್ಲೇ.

ಭ್ರೂಣ ಯಾವಾಗ ಸತ್ತಿತೆಂಬುದೂ ಗೊತ್ತಾಗುತ್ತದೆ. ಸುಮಾರು ಮೂರನೆಯ ದಿನಕ್ಕೆ ರಕ್ತನಾಳಗಳು, ಐದರ ಹೊತ್ತಿಗೆ ಕಣ್ಣಿನ ಕಪ್ಪು ಚುಕ್ಕೆ, ಹದಿಮೂರರ ಹೊತ್ತಿಗೆ ತುಪ್ಪಳ ಕಾಣುತ್ತವೆ.

ನಮ್ಮ 52ರಲ್ಲಿ 20 ಫಲಿತವಾಗದವು ಎಂದುಕೊಳ್ಳಿ. ಇದು ಮಾರಿದವರ ಹೊಣೆ: ಹುಂಜಗಳು ಕಡಿಮೆಯಿದ್ದಿರಬಹುದು ಅಥವಾ ಮುದಿಯಾಗಿದ್ದಿರಬಹುದು. ಕೊನೆಯ ದಿನಗಳಲ್ಲಿ ಸತ್ತವು 25 ಎಂದಾದರೆ ಸಂದೇಹ ನಿಮ್ಮ ಯಂತ್ರದ ಕಡೆಗೆ ತಿರುಗುತ್ತದೆ. ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್ ಬಿಟ್ಟು ಏರಿಳಿಯಿತೆ? ರಾತ್ರಿ ಕರೆಂಟು ಹೋಗಿತ್ತೆ? ಚೂಪು ತುದಿ ಮೇಲಾಗಿತ್ತೆ? ತೇವಾಂಶಕ್ಕೆ ತಕ್ಕಡಿಯೇ ಸಾಕ್ಷಿ. 18 ದಿನಗಳಲ್ಲಿ ಮೊಟ್ಟೆಯ ತೂಕ ಸುಮಾರು ಶೇಕಡ 12ರಷ್ಟು ಇಳಿಯಬೇಕು. ನಡುವಿನ ವಾರದ ಸಾವು ಸಾಮಾನ್ಯವಾಗಿ ಬಹಳ ಕಡಿಮೆ. ಅದು ಹೆಚ್ಚಿದ್ದು, ತುಪ್ಪಳ ಗಂಟುಗಂಟಾಗಿದ್ದರೆ, ತಾಯಿಕೋಳಿಯ ಆಹಾರದಲ್ಲಿ ರೈಬೊಫ್ಲೇವಿನ್ ಕೊರತೆಯೆಂದು ಶಂಕಿಸಬಹುದು.

ತೊಡಕಿರುವುದು ಮೊದಲ ವಾರದ ಸಾವಿನಲ್ಲಿ. ಮೊಟ್ಟೆಯನ್ನು ಒಂದು ವಾರಕ್ಕಿಂತ ಹೆಚ್ಚು ದಿನ ಇಟ್ಟು ಮಾರಿದರೂ, ಬಸ್ಸಿನ ಮೇಲೆ ಬಿಸಿಲಿನಲ್ಲಿ ಸಾಗಿಸಿದರೂ, ಯಂತ್ರ ಅತಿಯಾಗಿ ಕಾದರೂ ಹಾಗಾಗುತ್ತದೆ. ಒಡೆದು ನೋಡಿದರೆ ಇವನ್ನು ಬೇರ್ಪಡಿಸಲಾಗದು. ಇಲ್ಲಿ ನೆರವಿಗೆ ಬರುವುದು ನಿಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದ ನಿಯಂತ್ರಿತ ಪ್ರಯೋಗ. ಅದೇ ತಂಡದ 20 ಮೊಟ್ಟೆಗಳನ್ನು ಮಾರುವವರೂ ತಮ್ಮಲ್ಲಿ ಕಾವಿಗಿಡಲಿ. ಅಲ್ಲಿಯೂ ಭ್ರೂಣಗಳು ಬೇಗ ಸತ್ತರೆ ದೋಷ ಮೊಟ್ಟೆಯಲ್ಲಿದೆ. ಅಲ್ಲಿ ಚೆನ್ನಾಗಿ ಮರಿಯಾದರೆ ಸಾಗಣೆಯನ್ನೋ ನಿಮ್ಮ ಯಂತ್ರವನ್ನೋ ಪರೀಕ್ಷಿಸಬೇಕು. ಇಟ್ಟ ದಿನಾಂಕವನ್ನು ಚಿಪ್ಪಿನ ಮೇಲೆ ಪೆನ್ಸಿಲಿನಲ್ಲಿ ಬರೆದಿರಲಿ.

ಅರ್ಧ ಜಗಳಕ್ಕೆ ಮೂಲ ಶೇಕಡವಾರು ಲೆಕ್ಕವೇ. ಮಾರುವವರು "ಶೇಕಡ 80" ಎಂದರೆ ಫಲಿತ ಮೊಟ್ಟೆಗಳ ಪ್ರಮಾಣ. ಕೊಳ್ಳುವವರು ಕೇಳಿಸಿಕೊಳ್ಳುವುದು 80 ಮರಿ! ನಮ್ಮ ಉದಾಹರಣೆಯಲ್ಲಿ ಫಲಿತವಾದವು 80, ಮರಿ 48. ಒಟ್ಟು ಮೊಟ್ಟೆಗೆ ಹೋಲಿಸಿದರೆ ಶೇಕಡ 48, ಫಲಿತ ಮೊಟ್ಟೆಗೆ ಹೋಲಿಸಿದರೆ ಶೇಕಡ 60. ಯಾವ ಲೆಕ್ಕವೆಂಬುದನ್ನು ರಸೀದಿಯಲ್ಲೇ ಬರೆಸಿಕೊಳ್ಳಿ.

ಉದ್ದೇಶ ತಿಳಿಸಿ, ಮಾರುವವರ ಪರಿಣತಿಯನ್ನು ನಂಬಿ ಕೊಂಡ ಸರಕು ಆ ಉದ್ದೇಶಕ್ಕೆ ತಕ್ಕಂತಿರಬೇಕೆಂಬುದು 1930ರ ಸರಕು ಮಾರಾಟ ಕಾಯಿದೆಯಲ್ಲಿದೆ. ಆದ್ದರಿಂದ "ಮರಿ ಮಾಡಿಸಲು" ಎಂಬ ಮಾತೂ ರಸೀದಿಯಲ್ಲಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಡುತ್ತದೆ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಕೊಂಡವರನ್ನು ಒಳಗೊಳ್ಳುತ್ತದೆ. ಅಂಥವರು ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು.