ಉಂಗುರದ ವಜ್ರಕ್ಕೆ ಬಣ್ಣ ಎಲ್ಲಿಂದ?

ಬಂಗಾರದ ಉಂಗುರದಲ್ಲಿ ಕೂರಿಸಿದ ಹಳದಿ ವಜ್ರವೊಂದನ್ನು ಒಡವೆಯಂಗಡಿಯ ದೀಪದ ಕೆಳಗೆ ನೋಡುತ್ತೀರಿ ಎಂದು ಭಾವಿಸೋಣ. ಮಾಗಿದ ನಿಂಬೆಯ ಹಣ್ಣಿನಂತೆ ತುಂಬಿದ ಬಣ್ಣ. ಮನಸ್ಸು ಒಪ್ಪಿ, ಹಣ ತೆತ್ತು, ಬೆರಳಿಗೆ ತೊಟ್ಟುಕೊಂಡು ಮಧ್ಯಾಹ್ನದ ಬಿಸಿಲಿಗೆ ಬರುತ್ತೀರಿ. ಅದೇ ಹರಳು ಈಗ ಕೊಂಚ ಬಿಳಿಚಿಕೊಂಡಂತೆ ತೋರುತ್ತದೆ! ಅಂಗಡಿಯವನು ಮೋಸ ಮಾಡಿದನೆ? ಹಾಗೆಂದು ಹೇಳಲಾಗದು. ಹರಳು ಬದಲಾಗಿಲ್ಲ, ಅದರ ಮೇಲೆ ಬೀಳುವ ಬೆಳಕು ಬದಲಾಗಿದೆ. ಬಣ್ಣದ ವಜ್ರದ ಬೆಲೆಯನ್ನು ಎಲ್ಲಕ್ಕಿಂತ ಮಿಗಿಲಾಗಿ ಬಣ್ಣವೇ ನಿರ್ಣಯಿಸುವುದರಿಂದ, ಈ ಬದಲಾವಣೆ ಏಕೆ ಆಗುತ್ತದೆ ಎಂಬುದು ಕೇವಲ ಕುತೂಹಲದ ಪ್ರಶ್ನೆಯಲ್ಲ.

ಅಪ್ಪಟ ಇಂಗಾಲದಿಂದ ಮಾತ್ರ ಆದ, ರಚನೆಯಲ್ಲಿ ಯಾವ ಕೊರತೆಯೂ ಇಲ್ಲದ ವಜ್ರಕ್ಕೆ ಬಣ್ಣವಿಲ್ಲ. ಬಣ್ಣ ಬರುವುದು ಕೊರತೆಯಿಂದ. ಹಳದಿ ವಜ್ರಗಳಲ್ಲಿ ಹೆಚ್ಚಿನವುಗಳಿಗೆ ಆ ಬಣ್ಣವನ್ನು ಕೊಡುವುದು ಸಾರಜನಕ. ಇಂಗಾಲದ ಪರಮಾಣುವೊಂದು ಇರಬೇಕಾದ ಸ್ಥಳ ಬರಿದಾಗಿ, ಅದರ ಸುತ್ತ ಮೂರು ಸಾರಜನಕದ ಪರಮಾಣುಗಳು ಬಂದು ನಿಲ್ಲುವುದುಂಟು. ಈ ಸಣ್ಣ ಕೂಟವು ಬೆಳಕಿನಲ್ಲಿರುವ ನೇರಿಳೆಯ ಪಾಲನ್ನು, ಮುಖ್ಯವಾಗಿ 415 ನ್ಯಾನೋಮೀಟರಿನ ಆಸುಪಾಸಿನ ಅಲೆಗಳನ್ನು, ಹೀರಿಬಿಡುತ್ತದೆ. (ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರು.) ಸಾರಜನಕದ ಬೇರೆ ಕೂಟಗಳು ನೀಲಿಯಲ್ಲಿಯೂ ಸ್ವಲ್ಪವನ್ನು ಕಸಿಯುತ್ತವೆ. ಹೀಗೆ ನೇರಿಳೆ ನೀಲಿಗಳನ್ನು ಕಳೆದುಕೊಂಡ ಬೆಳಕು ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುತ್ತದೆ.

ಆದರೆ ಈ ಕೂಟಕ್ಕೆ ಇನ್ನೊಂದು ಗುಣವೂ ಉಂಟು. ಕಣ್ಣಿಗೆ ಕಾಣದ ನೇರಿಳಾತೀತ ಕಿರಣಗಳು ಬಿದ್ದರೆ ಅದು ಅವನ್ನು ನುಂಗಿ, ನೀಲಿಯ ಬೆಳಕನ್ನು ಹೊರಚೆಲ್ಲುತ್ತದೆ. ಇದೇ ಪ್ರತಿದೀಪ್ತಿ. ಒಂದು ಕೈಯಿಂದ ಕಸಿದುಕೊಂಡದ್ದನ್ನು ಮತ್ತೊಂದು ಕೈಯಿಂದ ಹಿಂದಕ್ಕೆ ಕೊಟ್ಟಂತೆ! ಹಳದಿಗೂ ನೀಲಿಗೂ ಬೆಳಕಿನ ಲೋಕದಲ್ಲಿ ವೈರ. ಎರಡೂ ಕೂಡಿದರೆ ಬಿಳಿಯ ಕಡೆಗೆ ವಾಲುತ್ತವೆ. ಇಂದಿನ ಅಂಗಡಿಗಳ ಎಲ್‌ಇಡಿ ದೀಪಗಳಲ್ಲಿ ನೇರಿಳಾತೀತದ ಅಂಶ ಇಲ್ಲವೆನ್ನುವಷ್ಟು ಕಡಮೆ, ಬಿಸಿಲಿನಲ್ಲಿ ಧಾರಾಳ. ಪ್ರತಿದೀಪ್ತಿ ಬಲವಾಗಿರುವ ಹಳದಿ ಹರಳು ಬಿಸಿಲಿನಲ್ಲಿ ಬಿಳಿಚಿಕೊಳ್ಳುವುದರ ಗುಟ್ಟು ಇದು. ಹಳದಿಯಾಗಿಯೇ ಪ್ರತಿದೀಪಿಸುವ ಹರಳುಗಳಿಗೆ ಈ ನಷ್ಟವಿಲ್ಲ. ಅವಕ್ಕೆ ಬಿಸಿಲು ಅನುಕೂಲವೇ.

ಈ ನೀಲಿ ಬೆಳಕಿನ ಅಧ್ಯಯನದಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. 1940ರ ದಶಕದಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ನರು ವಜ್ರಗಳ ಬೆನ್ನು ಹತ್ತಿದ್ದರು. ಅವರ ಸಂಗ್ರಹದಲ್ಲಿ ನೂರಾರು ಹರಳುಗಳಿದ್ದವು. 1940ರಲ್ಲಿ ಅಲ್ಲಿಗೆ ಬಂದ ಅಣ್ಣಾ ಮಣಿ ಎಂಬ ತರುಣಿ ಅವುಗಳಲ್ಲಿ ಮೂವತ್ತಕ್ಕೂ ಹೆಚ್ಚಿನವನ್ನು ಆರಿಸಿ, ಅವುಗಳ ಪ್ರತಿದೀಪ್ತಿಯ ರೋಹಿತವನ್ನು ಛಾಯಾಚಿತ್ರ ಫಲಕಗಳ ಮೇಲೆ ಹಿಡಿದರು. ಬೆಳಕು ಎಷ್ಟು ಕ್ಷೀಣವೆಂದರೆ, ಒಂದು ಫಲಕಕ್ಕೆ 15ರಿಂದ 20 ಗಂಟೆಗಳ ಕಾಲ ಅದನ್ನು ಊಡಬೇಕಾಗುತ್ತಿತ್ತು. ಎಷ್ಟೋ ರಾತ್ರಿಗಳನ್ನು ಆಕೆ ಪ್ರಯೋಗಶಾಲೆಯಲ್ಲೇ ಕಳೆದರು. 1942ರಿಂದ 1945ರೊಳಗೆ ಐದು ಲೇಖನಗಳು ಅಚ್ಚಾದವು. 1945ರ ಆಗಸ್ಟಿನಲ್ಲಿ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರೆ, ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟು ದೊರೆಯಲಿಲ್ಲ. ಮುಂದೆ ಅವರು ಹವಾಮಾನದ ಉಪಕರಣಗಳಲ್ಲಿ ಹೆಸರು ಪಡೆದದ್ದು ಬೇರೆ ಕಥೆ. ಪದವಿ ತರದ ಆ ಪ್ರಬಂಧ ರಾಮನ್ ಸಂಶೋಧನ ಸಂಸ್ಥೆಯಲ್ಲಿ ಉಳಿದುಕೊಂಡಿತು.

ಈ ದೀಪ್ತಿಗೆ ಹೊರಗಿನ ಕಲ್ಮಷ ಕಾರಣವೆಂದು ರಾಮನ್ನರು ಒಪ್ಪಲಿಲ್ಲ. ವಜ್ರದ ರಚನೆಯಲ್ಲಿಯೇ ಅದರ ಮೂಲವನ್ನು ಹುಡುಕಿದರು. ಅವರ ವಿವರಣೆ ನಿಲ್ಲಲಿಲ್ಲ. 1959ರಲ್ಲಿ ಕೈಸರ್ ಮತ್ತು ಬಾಂಡ್ ಎಂಬಿಬ್ಬರು ವಜ್ರಗಳಲ್ಲಿ ಸಾರಜನಕ ಗಣನೀಯವಾಗಿ ಅಡಗಿರುವುದನ್ನು ತೋರಿಸಿದರು. ವಿವರಣೆ ಬಿದ್ದರೂ, ಬೆಂಗಳೂರಿನಲ್ಲಿ ಎಚ್ಚರದಿಂದ ಅಳೆದಿಟ್ಟ ರೇಖೆಗಳು ಬೀಳಲಿಲ್ಲ ಎಂಬುದನ್ನು ಮರೆಯಬಾರದು.

ಬಿಳಿಯ ವಜ್ರದಲ್ಲಿ ಮಾತ್ರ ಈ ನೀಲಿಯೇ ಗುಣವಾಗಬಹುದು. ನಮ್ಮ ಕಡೆಯ ಹಿರಿಯ ಹೆಂಗಸರು ಓಲೆಗೂ ಮೂಗುಬೊಟ್ಟಿಗೂ ‘ಬ್ಲೂ ಜಾಗರ್’ ಹರಳೇ ಬೇಕೆಂದು ಕೇಳುವುದನ್ನು ಕೇಳಿದ್ದೇವೆ. ಆ ಹೆಸರು ದಕ್ಷಿಣ ಆಫ್ರಿಕದ ಜಾಗರ್ಸ್‌ಫಾಂಟೀನ್ ಗಣಿಯದು. ಮೆಚ್ಚುಗೆ ಪಡೆದ ಆ ನಸುನೀಲಿಯ ಛಾಯೆ ಬಲವಾದ ಪ್ರತಿದೀಪ್ತಿಯ ಕೊಡುಗೆ. ಓಲೆಯಲ್ಲಿ ಬೆಲೆ ಏರಿಸುವ ಗುಣ ಹಳದಿಯ ಉಂಗುರದಲ್ಲಿ ಬೆಲೆ ಇಳಿಸುತ್ತದೆ!

ಇನ್ನು ಕೆತ್ತನೆಯ ಮಾತು. ವಜ್ರದ ಒಳಗಿನಿಂದ ಹೊರಡುವ ಬೆಳಕು ಮೇಲ್ಮೈಗೆ ಸುಮಾರು 24 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿದರೆ ಹೊರಬೀಳಲಾರದು. ಕನ್ನಡಿಗೆ ಬಡಿದಂತೆ ಹಿಂದಿರುಗುತ್ತದೆ. ಬಿಳಿಯ ವಜ್ರವನ್ನು ಸಾಣೆ ಹಿಡಿಯುವವನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ಮೇಲಿನಿಂದ ಹೊಕ್ಕ ಬೆಳಕು ತಳದಲ್ಲಿ ಎರಡು ಬಾರಿ ಪುಟಿದು ಬಂದ ದಾರಿಗೇ ಮರಳಬೇಕು. ಅದಕ್ಕೆ ತಕ್ಕ ಅಳತೆಗಳನ್ನು 1919ರಲ್ಲಿ ಮಾರ್ಸೆಲ್ ಟಾಲ್ಕೋವ್‌ಸ್ಕಿ ಗಣಿತದಿಂದ ಸಾಧಿಸಿಕೊಟ್ಟನು.

ಬಣ್ಣದ ವಜ್ರಕ್ಕೆ ಈ ಲೆಕ್ಕ ಸಾಲದು. ಬೆಳಕು ಅವಸರದಿಂದ ಮರಳಿದರೆ ಬಣ್ಣ ಹಿಡಿಯುವುದೆಲ್ಲಿ? ಚಮಚೆಯಲ್ಲಿ ತಿಳಿಗೆಂಪಾಗಿ ಕಾಣುವ ಕಾಫಿಯ ಡಿಕಾಕ್ಷನ್ನು ಲೋಟದ ತುಂಬ ಇದ್ದಾಗ ಕಪ್ಪಾಗಿ ಕಾಣುವುದಿಲ್ಲವೆ? ಹಾಗೆಯೇ ಬೆಳಕು ಹರಳಿನೊಳಗೆ ಹೆಚ್ಚು ದೂರ ನಡೆದಷ್ಟೂ ಹೆಚ್ಚು ನೀಲಿಯನ್ನು ಕಳೆದುಕೊಂಡು, ಹೆಚ್ಚು ಹಳದಿಯಾಗಿ ಹೊರಬರುತ್ತದೆ. 1977ರಲ್ಲಿ ಹೆನ್ರಿ ಗ್ರಾಸ್‌ಬಾರ್ಡ್ ರೂಪಿಸಿದ ‘ರೇಡಿಯಂಟ್’ ಎಂಬ ಕೆತ್ತನೆಯಲ್ಲಿ, ಮೂಲೆಗಳನ್ನು ಕತ್ತರಿಸಿದ ಚೌಕದ ಮೇಲೆ 70 ಮುಖಗಳಿವೆ. ಇದರಲ್ಲಿ ಬೆಳಕು ಗೋಡೆಯಿಂದ ಗೋಡೆಗೆ ಅಲೆದಾಡಿ ತಡವಾಗಿ ಹೊರಬೀಳುತ್ತದೆ. ಹಿಂದೆ ‘ಬಿಳಿಯೂ ಅಲ್ಲ, ಹಳದಿಯೂ ಅಲ್ಲ’ ಎಂದು ಅಗ್ಗಕ್ಕೆ ಹೋಗುತ್ತಿದ್ದ ನಸುಹಳದಿ ಹರಳುಗಳಿಗೆ ಇದರಿಂದ ಅದೃಷ್ಟ ಖುಲಾಯಿಸಿತು. ಬಣ್ಣವಿಲ್ಲದ ವಜ್ರವನ್ನು ಪರೀಕ್ಷಕರು ಮಗುಚಿಟ್ಟು ಪಕ್ಕದಿಂದ ನೋಡುತ್ತಾರೆ. ಬಣ್ಣದ್ದನ್ನಾದರೋ ಮೇಲ್ಮುಖದಿಂದಲೇ ನೋಡಿ ದರ್ಜೆ ಕೊಡುತ್ತಾರೆ. ಆದುದರಿಂದ ಕೆತ್ತನೆಗಾರನ ಜಾಣ್ಮೆ ನೇರವಾಗಿ ದರ್ಜೆಯಲ್ಲಿ ಸೇರುತ್ತದೆ.

ಹರಳನ್ನು ಕೂರಿಸುವ ಬಂಗಾರವೂ ಸುಮ್ಮನಿರುವುದಿಲ್ಲ. ಹಳದಿ ಚಿನ್ನದ ಬಟ್ಟಲು ತನ್ನ ಬಣ್ಣವನ್ನೂ ಹರಳಿಗೆ ಸಾಲ ಕೊಡುತ್ತದೆ. ಹಿಂಬದಿ ಮುಚ್ಚಿದ ಹಳೆಯ ಒಡವೆಗಳಲ್ಲಿ ಹರಳಿನ ಕೆಳಗೆ ಹೊಳೆಯುವ ತೆಳು ತಗಡನ್ನಿಡುತ್ತಿದ್ದುದೂ ಇದೇ ಉಪಾಯ.

ಬಣ್ಣದ ಆಸೆಗೆ ತೂಕವನ್ನು ಬಲಿಕೊಟ್ಟ ಪ್ರಸಂಗವೊಂದು ಪ್ರಸಿದ್ಧವಾಗಿದೆ. ಬವೇರಿಯದ ರಾಜಮನೆತನಕ್ಕೆ 1722ರಲ್ಲಿ ಸೇರಿದ ವಿಟೆಲ್ಸ್‌ಬಾಖ್ ಎಂಬ ನೀಲಿ ವಜ್ರವು ಭಾರತದ ಮಣ್ಣಿನದು. 2008ರ ಡಿಸೆಂಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ ಲಾರೆನ್ಸ್ ಗ್ರಾಫ್ ಅದನ್ನು 1 ಕೋಟಿ 64 ಲಕ್ಷ ಪೌಂಡುಗಳಿಗೆ ಕೊಂಡು, ಮತ್ತೆ ಸಾಣೆಗೆ ಕೊಟ್ಟರು. 35.56 ಕ್ಯಾರಟ್ಟಿನ ಹರಳು 31.06ಕ್ಕೆ ಇಳಿಯಿತು. ಸಾಣೆಗೆ ಮೊದಲು ‘ಬೂದು ಬೆರೆತ ಗಾಢ ನೀಲಿ’ ಎನಿಸಿಕೊಂಡಿದ್ದ ಅದರ ಬಣ್ಣ ‘ಗಾಢ ನೀಲಿ’ಯ ದರ್ಜೆಗೆ ಏರಿತು. ಮೂರು ಶತಮಾನದ ಕೆತ್ತನೆ ಅಳಿಯಿತೆಂದು ಇತಿಹಾಸಕಾರರು ಮರುಗಿದರು. ಅವರ ಅಳಲು ನ್ಯಾಯವೆಂದೇ ನಮ್ಮ ಭಾವನೆ.

2010ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿ ಇದನ್ನು, ಭಾರತದ್ದೇ ಆದ ಹೋಪ್ ವಜ್ರದೊಡನೆ ಇಟ್ಟು ಪರೀಕ್ಷಿಸಿದರು. ಎರಡಕ್ಕೂ ನೀಲಿಯನ್ನು ಕೊಟ್ಟದ್ದು ಬೋರಾನ್. ನೇರಿಳಾತೀತ ದೀಪ ಆರಿದ ಮೇಲೂ ಎರಡೂ ಹರಳುಗಳು ಕೆಂಡದಂತೆ ಕೆಂಪಗೆ ಕೆಲಹೊತ್ತು ಬೆಳಗಿದವು. ಒಂದೇ ಕಲ್ಲಿನ ಎರಡು ತುಂಡುಗಳೇ ಇವು ಎಂಬ ಹಳೆಯ ಊಹೆ ಮಾತ್ರ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ನಮ್ಮ ನಿಮ್ಮಂಥವರ ಉಂಗುರಕ್ಕೆ ಇಷ್ಟು ದೂರ ಹೋಗಬೇಕಿಲ್ಲ. ಹರಳಿನ ಪ್ರಮಾಣಪತ್ರದಲ್ಲಿ ಪ್ರತಿದೀಪ್ತಿಯ ಬಣ್ಣ ಮತ್ತು ಬಲವನ್ನು ಬರೆದಿರುತ್ತಾರೆ. ಅಲ್ಲಿ ‘ಬಲವಾದ ನೀಲಿ’ ಎಂದಿದ್ದರೆ, ಹಣ ಎಣಿಸುವ ಮುನ್ನ ಉಂಗುರವನ್ನು ಅಂಗಡಿಯ ಬಾಗಿಲಿಗೆ ತಂದು ಬಿಸಿಲಿನಲ್ಲಿ ಒಮ್ಮೆ, ನೆರಳಿನಲ್ಲಿ ಒಮ್ಮೆ ಹಿಡಿದು ನೋಡಬಹುದು.