ವರ್ಚುವಲ್ ಕ್ಯಾಮೆರಾ ಮತ್ತು ತೊಗಲುಗೊಂಬೆಯ ಗಾತ್ರ

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯು ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ತಂಗುದಾಣವಾಗಿಯೂ 1923ರಲ್ಲಿ ಆರಂಭವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಒದಗಿಸಿದ ನೆಲೆಯಾಗಿಯೂ ಪ್ರಸಿದ್ಧವಾದುದು. ಅಲ್ಲಿನ ರಾಜಭವನದ ಅಂಗಳದಲ್ಲಿ ನಿಂತಾಗ ಕಣ್ಣೆದುರಿನ ಹೂಗಿಡವು ಆಚೆಯ ಬೆಟ್ಟಕ್ಕಿಂತ ಎತ್ತರವಾಗಿ ಕಾಣುವುದುಂಟು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಗಿಡ ಕುಗ್ಗುತ್ತದೆ. ಬೆಟ್ಟ ಇದ್ದಂತೆಯೇ ಇರುತ್ತದೆ. ತ್ರಿಆಯಾಮ ಅನಿಮೇಶನ್ ತಂತ್ರಾಂಶಗಳ ವರ್ಚುವಲ್ ಕ್ಯಾಮೆರಾ ಸಾಮಾನ್ಯವಾಗಿ ಅನುಸರಿಸುವುದೂ ಈ ನಿಯಮವನ್ನೇ.

ಈ ಕ್ಯಾಮೆರಾಕ್ಕೆ ಗಾಜಿಲ್ಲ, ತೂಕವಿಲ್ಲ. ಗಣಕದೊಳಗೆ ಅದು ನಿಂತ ಸ್ಥಾನ, ನೋಡುವ ದಿಕ್ಕು, ಲೆನ್ಸಿನ ಅಳತೆ ಇವಿಷ್ಟೇ ಅದರ ಶರೀರ. ಉಚಿತವಾಗಿ ದೊರೆಯುವ ಬ್ಲೆಂಡರ್ ತಂತ್ರಾಂಶದಲ್ಲಿ ಮೊದಲಿಗೆ ಸಿಗುವ ಕ್ಯಾಮೆರಾದ ಸಂಗಮದೂರ 50 ಮಿ.ಮೀ., ನೋಟದ ಕೋನ ಸುಮಾರು 40 ಡಿಗ್ರಿ. ಸಂಗಮದೂರವನ್ನು 24 ಮಿ.ಮೀ.ಗೆ ಇಳಿಸಿದರೆ ಕೋನವು ಸುಮಾರು 74 ಡಿಗ್ರಿಗೆ ಹಿಗ್ಗುತ್ತದೆ. ಆದರೆ ಹತ್ತಿರದ ವಸ್ತುವಿಗೂ ದೂರದ ವಸ್ತುವಿಗೂ ಇರುವ ಗಾತ್ರದ ಅನುಪಾತವನ್ನು ನಿರ್ಣಯಿಸುವುದು ಲೆನ್ಸಲ್ಲ, ಕ್ಯಾಮೆರಾ ನಿಂತ ಜಾಗ. ಚಲನೆಯ ವಿಷಯ ಸರಳ: ಆರಂಭದ ಮತ್ತು ಅಂತ್ಯದ ಸ್ಥಾನಗಳನ್ನು ಕೀಫ್ರೇಮ್‌ಗಳಾಗಿ ಗುರುತಿಸಿದರೆ ನಡುವಿನ ಹಾದಿಯನ್ನು ತಂತ್ರಾಂಶವೇ ತುಂಬುತ್ತದೆ.

ಜಾನಪದ ದಾಖಲಾತಿಯಲ್ಲಿ ತೊಡಕು ಎದುರಾಗುವುದು ಇಲ್ಲಿಯೇ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ತಂದಿತ್ತ ತೊಗಲುಗೊಂಬೆಯಾಟದಲ್ಲಿ ಗೊಂಬೆಯ ಗಾತ್ರವು ಪಾತ್ರದ ಅಂತಸ್ತನ್ನು ಸೂಚಿಸುತ್ತದೆ. ಅರಸನೂ ದೇವತೆಯೂ ದೊಡ್ಡವರು, ಸೇವಕನು ಚಿಕ್ಕವನು. ಎಲ್ಲ ಗೊಂಬೆಗಳೂ ಒಂದೇ ಪರದೆಗೆ ಒರಗಿರುವವರೆಗೆ ಈ ಅನುಪಾತ ಕೆಡದು. ದೃಶ್ಯಕ್ಕೆ ಆಳ ಬರಲೆಂದು ಅವುಗಳನ್ನು ಹಿಂದೆ ಮುಂದೆ ನಿಲ್ಲಿಸಿದೊಡನೆ, ಮುಂದಿನ ಸೇವಕನು ಹಿಂದಿನ ರಾವಣನನ್ನು ಮೀರಿ ಬೆಳೆಯುತ್ತಾನೆ. ನನ್ನ ಮೊದಲ ಪ್ರಯತ್ನದಲ್ಲಿ ಆದದ್ದು ಇದೇ. ಚಿತ್ರವೇನೋ ಅಂದವಾಗಿಯೇ ಇತ್ತು. ಆಟದ ಅರ್ಥ ಮಾತ್ರ ಉಳಿದಿರಲಿಲ್ಲ.

ಇದಕ್ಕೆ ಆರ್ಥೋಗ್ರಾಫಿಕ್ ಎಂಬ ಇನ್ನೊಂದು ಬಗೆಯ ಕ್ಯಾಮೆರಾವನ್ನು ಬಳಸಬಹುದು. ಇದರಲ್ಲಿ ನೋಟದ ರೇಖೆಗಳು ಒಂದು ಬಿಂದುವಿನಲ್ಲಿ ಕೂಡದೆ ಸಮಾಂತರವಾಗಿ ಸಾಗುವುದರಿಂದ ದೂರವು ಗಾತ್ರವನ್ನು ಕುಗ್ಗಿಸುವುದಿಲ್ಲ. ಕ್ಯಾಮೆರಾವನ್ನು ಹಿಂದಕ್ಕೆ ಎಳೆದರೂ ಅರಸನು ಅರಸನಾಗಿಯೇ ಉಳಿಯುತ್ತಾನೆ. ತಂತ್ರಜ್ಞರು ಇದನ್ನು ವಾಸ್ತುನಕ್ಷೆಗೆ ತಕ್ಕುದೆಂದು ಬದಿಗಿಡುವುದುಂಟು. ತೊಗಲುಗೊಂಬೆಯ ಮಟ್ಟಿಗೆ ಇದೇ ಹೆಚ್ಚು ಪ್ರಾಮಾಣಿಕವಾದ ನೋಟವೆಂದು ನನ್ನ ಅಭಿಪ್ರಾಯ.

ಆದರೂ ಇದರಿಂದ ಎಲ್ಲವೂ ಬಗೆಹರಿಯದು. ಕಲಾವಿದನು ಗೊಂಬೆಯನ್ನು ಪರದೆಯಿಂದ ದೀಪದತ್ತ ಸರಿಸಿದಾಗ ನೆರಳು ಹಿಗ್ಗುತ್ತದೆ, ಅಂಚು ಮಸುಕಾಗುತ್ತದೆ. ಅದು ಕ್ಯಾಮೆರಾದ ಕೆಲಸವಲ್ಲ, ಬೆಳಕಿನದು. ಆದ್ದರಿಂದ ಗಣಕದಲ್ಲಿಯೂ ಪರದೆಯ ಹಿಂದೆ ದೀಪವೊಂದನ್ನು ಇರಿಸಿ, ಗೊಂಬೆಯನ್ನು ಅವೆರಡರ ನಡುವೆ ಆಡಿಸಿ, ಕ್ಯಾಮೆರಾವನ್ನು ಪ್ರೇಕ್ಷಕರು ಕೂರುವ ಬದಿಯಲ್ಲಿ ಕದಲದಂತೆ ನಿಲ್ಲಿಸಬೇಕಾಗುತ್ತದೆ.