ವೋಲ್ಟ್, ಆಂಪಿಯರ್ ಮತ್ತು ಪಂಚಾಯಿತಿಯ ವಿದ್ಯುತ್ ಬಿಲ್ಲು

ಗ್ರಾಮ ಪಂಚಾಯಿತಿಗಳ ವಿದ್ಯುತ್ ವೆಚ್ಚದ ಬಹುಪಾಲು ಬೀದಿದೀಪ ಮತ್ತು ಕುಡಿಯುವ ನೀರಿನ ಪಂಪುಗಳಿಗೆ ಸಲ್ಲುತ್ತದೆ. ಮೆಸ್ಕಾಂ ಬಿಲ್ಲು ಸಾಮಾನ್ಯ ಸಭೆಯ ಮುಂದೆ ಬಂದಾಗ, ಅದರಲ್ಲಿ ನಮೂದಾದ ಯೂನಿಟ್‌ಗಳು ಸರಿಯೇ ಎಂದು ಪರಿಶೀಲಿಸಲು ಮೂರು ಸಂಗತಿಗಳು ತಿಳಿದಿದ್ದರೆ ಸಾಕು: ವೋಲ್ಟ್, ಆಂಪಿಯರ್ ಮತ್ತು ಬಳಕೆಯ ಗಂಟೆಗಳು. ಶಿಕಾರಿಪುರ ಹಾಗೂ ಸೊರಬ ತಾಲ್ಲೂಕುಗಳಲ್ಲಿ ಬೇಸಿಗೆ ಬಂದೊಡನೆ ಕೊಳವೆಬಾವಿಗಳ ಮೋಟಾರು ಸುಡುವ ಕಾರಣವೂ ಇದೇ ಲೆಕ್ಕದಲ್ಲಿ ಅಡಗಿದೆ.

ಯಾವುದೇ ಉಪಕರಣದ ಎರಡು ತುದಿಗಳ ನಡುವಿನ ವಿಭವಾಂತರವನ್ನು ಅದರಲ್ಲಿ ಹರಿಯುವ ಪ್ರವಾಹದಿಂದ ಭಾಗಿಸಿದರೆ ದೊರೆಯುವುದು ರೋಧ. ಅವೆರಡನ್ನೂ ಗುಣಿಸಿದರೆ ದೊರೆಯುವುದು ಸಾಮರ್ಥ್ಯ, ಅಂದರೆ ವ್ಯಾಟ್. ಮೊದಲನೆಯ ಸಂಬಂಧವನ್ನು ಜರ್ಮನಿಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದನು. ರೋಧದ ಮಾನಕ್ಕೆ ಅವನದೇ ಹೆಸರು. 230 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುವ ವಿದ್ಯುತ್ ಒಲೆಯ ರೋಧ 46 ಓಮ್, ಸಾಮರ್ಥ್ಯ 1,150 ವ್ಯಾಟ್. ವೋಲ್ಟೇಜು 180ಕ್ಕೆ ಇಳಿದರೆ ಒಲೆಯ ರೋಧ ಬಹುಮಟ್ಟಿಗೆ ಹಾಗೆಯೇ ಉಳಿಯುವುದರಿಂದ ಪ್ರವಾಹ 3.9 ಆಂಪಿಯರಿಗೂ ಸಾಮರ್ಥ್ಯ ಸುಮಾರು 700 ವ್ಯಾಟಿಗೂ ಕುಸಿಯುತ್ತದೆ. ಅನ್ನ ಬೇಯಲು ತಡವಾಗುತ್ತದೆ, ಒಲೆಗೆ ಹಾನಿಯಿಲ್ಲ.

ಪಂಪಿನ ಮೋಟಾರು ಒಲೆಯಂತಲ್ಲ. ಎತ್ತಬೇಕಾದ ನೀರಿನ ಭಾರ ಕಡಿಮೆಯಾಗದ ಕಾರಣ, ವೋಲ್ಟೇಜು ಇಳಿದಾಗ ಅದು ಹೆಚ್ಚು ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಮೂರು ಫೇಸಿನ ಮೋಟಾರಿನ ಸಾಮರ್ಥ್ಯವನ್ನು ತಿಳಿಯಲು ವೋಲ್ಟ್, ಆಂಪಿಯರ್, 1.732 ಮತ್ತು ಪವರ್ ಫ್ಯಾಕ್ಟರ್ ಎಂಬ ನಾಲ್ಕನ್ನೂ ಗುಣಿಸಬೇಕು. ಪವರ್ ಫ್ಯಾಕ್ಟರನ್ನು 0.8 ಎಂದು ಹಿಡಿದರೆ, 400 ವೋಲ್ಟಿನಲ್ಲಿ 9 ಆಂಪಿಯರ್ ಎಳೆಯುವ 5 ಅಶ್ವಶಕ್ತಿಯ ಮೋಟಾರು ಸುಮಾರು 5 ಕಿಲೋವ್ಯಾಟ್ ಬಳಸುತ್ತದೆ. 5 ಅಶ್ವಶಕ್ತಿ ಎಂದರೆ 3.73 ಕಿಲೋವ್ಯಾಟ್ ಮಾತ್ರ; ಉಳಿದುದು ಮೋಟಾರಿನೊಳಗೇ ನಷ್ಟವಾಗುತ್ತದೆ. ಮೋಟಾರಿನ ಫಲಕದಲ್ಲಿರುವ ಅಶ್ವಶಕ್ತಿಯಿಂದಲೇ ನೇರವಾಗಿ ಬಿಲ್ಲನ್ನು ಲೆಕ್ಕ ಹಾಕುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ. ದಿನಕ್ಕೆ 6 ಗಂಟೆ ಓಡಿದರೆ 30 ಯೂನಿಟ್, 30 ದಿನಕ್ಕೆ 900 ಯೂನಿಟ್.

ಈಗ ಅಡಿಕೆ ತೋಟಗಳ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ವೋಲ್ಟೇಜು 340ಕ್ಕೆ ಇಳಿಯಿತೆಂದು ಭಾವಿಸಿರಿ. ಅದೇ 5 ಕಿಲೋವ್ಯಾಟಿಗೆ ಮೋಟಾರು ಸುಮಾರು 10.6 ಆಂಪಿಯರ್ ಎಳೆಯಬೇಕಾಗುತ್ತದೆ. ಸುರುಳಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಪ್ರವಾಹ ಶೇ 18ರಷ್ಟು ಏರಿದರೂ ಶಾಖ ಶೇ 39ರಷ್ಟು ಏರುತ್ತದೆ. ವೋಲ್ಟೇಜು ಕಡಿಮೆಯಿದ್ದರೆ ಬಿಲ್ಲೂ ಕಡಿಮೆ ಎಂಬ ಮಾತು ಪಂಪಿನ ಮಟ್ಟಿಗೆ ನಿಜವಲ್ಲ. ಯೂನಿಟ್ ಅಷ್ಟೇ ಓಡುತ್ತದೆ, ಮೇಲೆ ಮೋಟಾರಿನ ಸುರುಳಿ ಕಟ್ಟಿಸುವ ಖರ್ಚು ಬರುತ್ತದೆ. ಸ್ಟಾರ್ಟರಿನಲ್ಲಿರುವ ಓವರ್‌ಲೋಡ್ ರಿಲೇ ಪದೇ ಪದೇ ಬೀಳುತ್ತದೆಂದು ಅದನ್ನು ಕಟ್ಟಿಹಾಕುವ ಅಥವಾ ತಪ್ಪಿಸಿ ಜೋಡಿಸುವ ರೂಢಿಯನ್ನು ಯಾವ ಕಾರಣಕ್ಕೂ ಅನುಮತಿಸಬಾರದು. ಮೋಟಾರನ್ನು ಉಳಿಸಲೆಂದೇ ರಿಲೇ ಬೀಳುತ್ತಿರುತ್ತದೆ.

ವೋಲ್ಟೇಜು ಇಳಿಯುವುದಕ್ಕೆ ತಂತಿಯ ರೋಧವೂ ಕಾರಣ. ತಂತಿ ಉದ್ದವಾದಷ್ಟು, ತೆಳುವಾದಷ್ಟು ರೋಧ ಹೆಚ್ಚು. ಒಂದೇ ಫೇಸಿನ ತಂತಿಯ ಆರಂಭದಲ್ಲಿ 230 ವೋಲ್ಟ್ ಇದ್ದು, ತುದಿಯಲ್ಲಿ 10 ಆಂಪಿಯರ್ ಎಳೆಯುವಾಗ 207 ವೋಲ್ಟ್ ಮಾತ್ರ ದೊರೆತರೆ, ನಡುವೆ ಕಳೆದುದು 23 ವೋಲ್ಟ್. ಹೋಗಿಬರುವ ತಂತಿಯ ರೋಧ 2.3 ಓಮ್; ನಷ್ಟ 230 ವ್ಯಾಟ್. ಈ ತಂತಿ ಮೀಟರಿನಿಂದ ಆಚೆಗಿದ್ದರೆ ಈ ನಷ್ಟಕ್ಕೂ ಪಂಚಾಯಿತಿಯೇ ಹಣ ತೆರುತ್ತದೆ. ಸಡಿಲವಾದ ಒಂದು ಕೀಲಿನ ರೋಧ ಅರ್ಧ ಓಮ್ ಇದ್ದರೂ 10 ಆಂಪಿಯರಿಗೆ ಅಲ್ಲಿ 50 ವ್ಯಾಟ್ ಶಾಖ ಹುಟ್ಟುತ್ತದೆ. ಕಪ್ಪಾಗಿ ಕರಗಿದ ಕೀಲುಗಳು ಕಾಣಸಿಗುವುದು ಹೀಗೆ.

ಟ್ರಾನ್ಸ್‌ಫಾರ್ಮರಿನ ಸ್ಥಳ ಮುಖ್ಯವಾಗುವುದೂ ಇದರಿಂದಲೇ. 100 ಕೆವಿಎ ಟ್ರಾನ್ಸ್‌ಫಾರ್ಮರು ಪೂರ್ಣ ಹೊರೆಯಲ್ಲಿರುವಾಗ 11,000 ವೋಲ್ಟಿನ ಬದಿಯಲ್ಲಿ ಸುಮಾರು 5.25 ಆಂಪಿಯರ್ ಹರಿದರೆ, 415 ವೋಲ್ಟಿನ ಬದಿಯಲ್ಲಿ ಸುಮಾರು 139 ಆಂಪಿಯರ್ ಹರಿಯುತ್ತದೆ. ಆದುದರಿಂದ ದೂರದ ಹಾದಿಯನ್ನು 11,000 ವೋಲ್ಟಿನ ಮಾರ್ಗವೇ ಕ್ರಮಿಸಬೇಕು. ಹೊಸ ಟ್ರಾನ್ಸ್‌ಫಾರ್ಮರಿಗೆ ಬೇಡಿಕೆ ಸಲ್ಲಿಸುವ ಠರಾವಿನಲ್ಲಿ ಅದು ಪಂಪ್‌ಹೌಸಿಗೆ ಸಮೀಪವಿರಬೇಕೆಂದು ಸ್ಪಷ್ಟವಾಗಿ ಬರೆಯುವುದು ಲೇಸು.

ಬೀದಿದೀಪಗಳ ಲೆಕ್ಕ ಸುಲಭ. ಒಂದೇ ಫೇಸಿನಲ್ಲಿ 20 ವ್ಯಾಟಿನ 60 ಎಲ್‌ಇಡಿ ದೀಪಗಳಿದ್ದರೆ ಒಟ್ಟು 1,200 ವ್ಯಾಟ್. ರಾತ್ರಿ 12 ಗಂಟೆಗೆ 14.4 ಯೂನಿಟ್, 30 ದಿನಕ್ಕೆ 432. ಹಗಲೂ ಉರಿಯಬಿಟ್ಟರೆ 864. ಪವರ್ ಫ್ಯಾಕ್ಟರ್ 0.95 ಇರುವ ಈ ದೀಪಗಳು 230 ವೋಲ್ಟಿನಲ್ಲಿ ಎಳೆಯಬೇಕಾದುದು 5.5 ಆಂಪಿಯರ್. ರಾತ್ರಿ ಸ್ವಿಚ್ ಪೆಟ್ಟಿಗೆಯ ಬಳಿ ಅಳೆದಾಗ 9 ಆಂಪಿಯರ್ ಕಂಡುಬಂದರೆ, ಸುಮಾರು 770 ವ್ಯಾಟಿನ ಹೆಚ್ಚುವರಿ ಹೊರೆಗೆ ಉತ್ತರ ಬೇಕು. ಹಳೆಯ ಸೋಡಿಯಂ ದೀಪಗಳು ಉಳಿದಿರಬಹುದು, ಅಥವಾ ಬೀದಿದೀಪದ ತಂತಿಗೆ ಯಾರೋ ಕೊಕ್ಕೆ ಹಾಕಿರಬಹುದು.

ಪ್ರವಾಹವನ್ನು ತಂತಿ ಬಿಚ್ಚದೆಯೇ ಕ್ಲಾಂಪ್ ಮೀಟರಿನಿಂದ ಅಳೆಯಬಹುದಾದರೂ, ಆ ಕೆಲಸವನ್ನು ಮೆಸ್ಕಾಂ ಸಿಬ್ಬಂದಿ ಅಥವಾ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸತಕ್ಕದ್ದು. ನೀರುಗಂಟಿಗಳು ಪೆಟ್ಟಿಗೆಯನ್ನು ತೆರೆಯಬೇಕಾಗಿಲ್ಲ. ಪಂಪಿನ ಪ್ಯಾನೆಲ್ ಬೋರ್ಡಿನ ಮುಖದಲ್ಲಿ ವೋಲ್ಟ್‌ಮೀಟರ್, ಆಮ್ಮೀಟರ್‌ಗಳಿದ್ದರೆ ಅವುಗಳನ್ನು ಓದಿ ವಹಿಯಲ್ಲಿ ಬರೆದರೆ ಸಾಕು. ಹೊಸ ಮೋಟಾರು ಇಳಿಸಿದ ದಿನದ ಅಂಕಿಗಳು ಆ ವಹಿಯ ಮೊದಲ ಸಾಲಿನಲ್ಲಿರಬೇಕು. ವೋಲ್ಟೇಜು ಸರಿಯಿದ್ದೂ ಆಂಪಿಯರ್ ಏರಿದ್ದರೆ ಬೇರಿಂಗು ಸವೆದಿರಬಹುದು, ಪಂಪಿನೊಳಗೆ ಮರಳು ಸೇರಿರಬಹುದು. ಆಂಪಿಯರ್ ಹಠಾತ್ತನೆ ಕುಸಿದಿದ್ದರೆ ನೀರಿನ ಮಟ್ಟ ಪಂಪಿಗಿಂತ ಕೆಳಗಿಳಿದು ಅದು ಬರಿದೇ ತಿರುಗುತ್ತಿರುವ ಸಂಭವವಿದೆ. ಆಗ ಕೂಡಲೇ ಪಂಪನ್ನು ನಿಲ್ಲಿಸಬೇಕು.